ಬಾಯಾರಿದ ಕಿತ್ತಳೆ

ಹೊತ್ತು ಹುಟ್ಟಿದಾಗಿನಿಂದ ಸಾಬಣ್ಣ ತನ್ನ ಕಿತ್ತಳೆ ಗಿಡದ ಬುಡದಲ್ಲಿ ಬಡಿಗೆ ಹಿಡಿದು ಕುಳಿತಿದ್ದ. ಕಾವಲು ಕಳ್ಳರಿಗಲ್ಲ, ಗಿಡಕ್ಕೆ ನೀರು ಹಾಕಲು ಬರುವ ಪುಣ್ಯವಂತರಿಗೆ.

ಹತ್ತಿಕುಣಿ ಊರಿಗೆಲ್ಲ ಕಿತ್ತಳೆ ಅದೊಂದೇ. ಆರು ವರ್ಷ ನೀರು ಕುಡಿದರೂ ಹೂವಿನ ಮುಖ ತೋರಿಸಿರಲಿಲ್ಲ. ಜಹಗೀರು ಹೋದ ಮೇಲೆ ಅಲ್ಲಿನ ತೋಟದ ಕೆಲಸವೂ ಹೋಗಿ ಊರಿಗೆ ಬಂದಿದ್ದ ಹಳೆಯ ತೋಟಗಾರ ಲಾಡ್ಲೇಸಾಬ ಗಿಡವನ್ನು ನೋಡಿ ಹೇಳಿದ್ದ: "ಹೊಟ್ಟಿ ತುಂಬಿದ ಗಿಡ ಯಾಕ ಹೂ ಬಿಡ್ತದ? ಮಣ್ಣು ಸರಿಸಿ ಬೇರಿಗೆ ಬಿಸಲು ತೋರಸು. ಎಲಿ ಬಾಡಿ ಉದುರೋತನಾ ಒಂದು ಹನಿ ನೀರು ಬ್ಯಾಡ. ಆಮ್ಯಾಲ ಮುಂಗಾರಿನ ಮಿರಗದ ಮಳಿ ಬಿದ್ದದ್ದ ತಡ, ಗಿಡದ ತುಂಬಾ ಹೂ!"

ಸಾಬಣ್ಣ ಅಂದೇ ಕಟ್ಟೆಯ ಮೇಲೆ ಹತ್ತು ಮಂದಿಯ ಮುಂದೆ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದ. ಈ ಸಲವೂ ಹೂ ಬಿಡದಿದ್ದರೆ ಮಗನಂತೆ ಸಾಕಿದ ಗಿಡವನ್ನು ಕೈಯಾರೆ ಕಡಿಯುತ್ತೇನೆ ಎಂದು.

ನೀರು ನಿಲ್ಲಿಸಿ ಇಂದಿಗೆ ಮೂವತ್ತನೇ ದಿನ. ಸಾಬಣ್ಣನ ಮುಖ ಬಾಡಿತ್ತು, ಎಲೆ ಬಾಡಿರಲಿಲ್ಲ. ಯಾರೋ ಕದ್ದು ನೀರು ಹಾಕುತ್ತಿದ್ದಾರೆ ಎಂಬ ಗುಮಾನಿ ಅವನಿಗೆ.

ಮೊದಲು ಬಂದವಳು ನೆರೆಮನೆಯ ಮಲಕಮ್ಮ. ತಲೆಯ ಮೇಲೆ ತುಂಬಿದ ಕೊಡ.

"ಬಾಯಿಲ್ಲದ ಜೀವ ಅದ ತಮ್ಮಾ. ಅರ್ಧಾ ಕೊಡ ಹಾಕ್ತೀನಿ."

"ಹನಿ ಬಿತ್ತಂದ್ರ ಗಿಡ ಹೋತು ಮಲಕವ್ವ, ಸರಿ ಆ ಕಡಿ!"

"ಹಂಗಾರ ನೀನೂ ಕುಡೀಬ್ಯಾಡ, ನೋಡೋಣು!"

ಸಾಬಣ್ಣನಿಗೆ ಮಾತು ನಾಟಿತು. ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ದೂರ ಸರಿಸಿ, ಅದಕ್ಕೆ ಬೆನ್ನು ಮಾಡಿ ಕುಳಿತ.

ಮಲಕಮ್ಮ ಸುದ್ದಿ ಹಬ್ಬಿಸಿದಳು. ಹಣೆತುಂಬ ವಿಭೂತಿಯ ಅಂಗಡಿ ಸಂಗಣ್ಣ ಬಂದು ಗಂಭೀರವಾಗಿ, "ಬಾಯಾರಿದ್ದಕ್ಕ ನೀರಿಲ್ಲಂದ ಊರಿಗೆ ಮಳಿ ಆಗಂಗಿಲ್ಲ ಸಾಬಣ್ಣ. ಇದು ಊರ ಮಾತದ" ಎಂದ. ಮಧ್ಯಾಹ್ನದ ಹೊತ್ತಿಗೆ ಹದಿನೈದು ಕೊಡಗಳು ಗಿಡದ ಸುತ್ತ ನಿಂತವು. ಹೆಣದ ಮಣ್ಣಿಗೆ ಬಂದವರಂತೆ ಜನ ಸುತ್ತುಗಟ್ಟಿದರು. ಸಾಬಣ್ಣ ಬಡಿಗೆ ಎತ್ತಿಕೊಂಡು ಗಿಡವನ್ನು ಸುತ್ತತೊಡಗಿದ. ಏಳನೇ ಸುತ್ತಿಗೆ ಬಿಸಿಲು ನೆತ್ತಿಗೇರಿ, ಕೊಯ್ದ ಜೋಳದ ದಂಟಿನಂತೆ ಬೇರುಗಳ ಮೇಲೆಯೇ ಬಿದ್ದ.

"ನೀರು! ನೀರು!" ಎಂದಳು ಮಲಕಮ್ಮ.

ನೀರಿಗೇನು ಬರ? ಹದಿನೈದು ಕೊಡಗಳೂ ಅವನ ಮೇಲೆ ಬರಿದಾದವು.

ಸಾಬಣ್ಣ ಕಣ್ಣು ಬಿಟ್ಟಾಗ ಎಮ್ಮೆಯಂತೆ ಕೆಸರಿನಲ್ಲಿದ್ದ. ಸುದ್ದಿ ಕೇಳಿ ಓಡಿಬಂದ ಲಾಡ್ಲೇಸಾಬ ಬುಡದ ಮಣ್ಣು ಹಿಂಡಿ ನೋಡಿ ತಲೆ ಅಲ್ಲಾಡಿಸಿದ. "ಈ ವರ್ಷದ್ದು ಮುಗೀತಪ್ಪ."

ಎಲ್ಲರಿಗೂ ಆಣೆ ನೆನಪಿತ್ತು.

"ಶೇಖಮ್ಮ, ಕೊಡ್ಲಿ ತಾ" ಎಂದ ಸಾಬಣ್ಣ.

ಹೆಂಡತಿ ಶೇಖಮ್ಮ ಕದಲಲಿಲ್ಲ. ಆರು ವರ್ಷ ಈ ಗಿಡಕ್ಕೆ ನೀರು ಹೊತ್ತವಳು ಅವಳು, ಹೊರುವಾಗಲೆಲ್ಲ ಗಿಡವನ್ನು ಬೈದವಳೂ ಅವಳೇ.

"ಕೊಡ್ಲಿ ನಿನ್ನೆಽ ಬಾವ್ಯಾಗ ಒಗದೀನಿ. ಇದು ಹೂ ಬಿಡಂಗಿಲ್ಲಂತ ನನಗ ಗೊತ್ತಿತ್ತು."

"ನಿನಗ ಹ್ಯಾಂಗ ಗೊತ್ತು?"

"ದಿನಾ ನಸುಕಿನ್ಯಾಗ ನೀ ಮಲಗಿದ್ದಾಗ ನಾನಽ ಒಂದು ಕೊಡ ಹಾಕ್ತಿದ್ದೆ."

ಸಾಬಣ್ಣ ಕೆಸರಿನಿಂದ ಅರ್ಧ ಎದ್ದ. "ನೀರು ಬ್ಯಾಡಂತ ಹೇಳಿರಲಿಲ್ಲೇನು?"

"ನೀ ಹೇಳಿದ್ದಿ" ಎಂದಳು ಶೇಖಮ್ಮ, ಸೆರಗಿನಿಂದ ಅವನ ಮುಖದ ಕೆಸರು ಒರೆಸುತ್ತ. "ಅದು ಹೇಳಿತ್ತೇನು?"