ಫಕೀರಪ್ಪನ ತೂಕ

ಹುಬ್ಬಳ್ಳ್ಯಾಗ ಯಾರ ಕೂಸು ಉಣ್ಣಾಂಗಿಲ್ಲೋ ಅವರು ನನ್ನ ಕೇಳಬೇಕು. ಹಂಗಂತ ಓಣಿ ತುಂಬ ನಾನ ಡಂಗುರ ಹೊಡದಿದ್ದೆ! ಅಕ್ಷರ ಕಡಿಮಿ ನನಗ. ಬಾಯಿ ದೊಡ್ಡದು.

ನನ್ನ ಮಗ ಫಕೀರಪ್ಪಗ ಮೂರು ವರ್ಷ. ಅವರಪ್ಪ ತೀರಿಹೋದಾಗಿಂದ ಬರೇ ಗಂಜಿ ಕುಡೀತಿದ್ದ. ಡಾಕ್ಟರು ತೋಳು ಹಿಡದು ನೋಡಿದ್ರು.

"ಬ್ಯಾಳಿ, ಕಾಳು ಹೊಟ್ಟಿಗೆ ಹೋಗಬೇಕು. ಇಲ್ಲಾ ತತ್ತಿ ಕೊಡ್ರಿ. ಹಿಂಗ ಬಿಟ್ರ ಕೂಸು ಮಳಿಗಾಲ ದಾಟೂದಿಲ್ಲ."

ಒಬ್ಬರನ್ನ ಕಳಕೊಂಡಾಗಿತ್ತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಕೊಳ್ಳಾಗ ಲಿಂಗ ಐತ್ರಿ, ತತ್ತಿ ಮಾತು ಬಿಡ್ರಿ. ತಿಂಗಳಾಗ ಪೈಲ್ವಾನನ್ನ ಮಾಡಿ ತರ್ತೇನಿ!"

ಬ್ಯಾಳಿಕಟ್ಟು ಕೊಟ್ಟೆ. ಉಗುಳಿದ. ಹೆಸರಕಾಳು ಕೊಟ್ಟೆ. ನನ್ನ ಮಾರಿಗೇ ಉಗುಳಿದ. ಪುಠಾಣಿ, ಶೇಂಗಾ ಬಟ್ಟಲದಾಗ ಇಟ್ಟು ಹಿತ್ತಲಕ್ಕ ಹೋದೆ. ಬಂದು ನೋಡಿದ್ರ ಬಟ್ಟಲ ಖಾಲಿ! ದಿನಾ ಖಾಲಿ!

ಸೋಮವಾರಕ್ಕೊಮ್ಮೆ ಕಾಳಿನ ಅಂಗಡಿ ಗುಲಾಬಸಾಬನ ತಕ್ಕಡ್ಯಾಗ ಕೂಡಿಸಿದೆ. ವಾರಕ್ಕ ಪಾವಶೇರ ಏರಾಕತ್ತಿದ! ಮೈಮ್ಯಾಲಿನ ಕೋಟು ಬಿಚ್ಚಗೊಡ್ತಿರಲಿಲ್ಲ. ಅವರಪ್ಪನ ಕೋಟು ಕತ್ತರಿಸಿ ನಾನ ಹೊಲದದ್ದು. ಒಗದಿರಲಿಲ್ಲ. ಅವರ ತಂಬಾಕದ ವಾಸನಿ ಹೋಗತೈತಿ ಅಂತ.

"ಇರ್ಲಿ ಬಿಡ್ರಿ ಅಕ್ಕಾರ," ಅಂದ ಗುಲಾಬಸಾಬ. "ಕೋಟಿನ ತೂಕ ವಾರವಾರಾ ಏರತೈತೇನು?"

ಖರೇನ!

ಆದ್ರ ಮನ್ಯಾಗ ಕಣ್ಣ ಕಾಣದ ನಮ್ಮತ್ತಿ ಮುರಿಗೆವ್ವ ಕೂಸಿನ ತೋಳು ಮುಟ್ಟಿ, "ತಕ್ಕಡಿ ದಪ್ಪ ಆಗೇತೇನವಾ? ಇಂವ ಕಡ್ಡಿ ಹಂಗ ಇದ್ದಾನಲ್ಲ!" ಅಂದ್ರು.

"ನಿಮಗ ಕಾಣಂಗಿಲ್ರಿ ಅತ್ತಿ."

"ಕಾಣಂಗಿಲ್ಲ. ಕೈಗೆ ಹತ್ತತೈತಿ. ಬರೇ ಎಲಬು."

ನಾ ತೋಳು ನೋಡಿದೆ. ಮುಂದಿನ ಸೋಮವಾರ ತಕ್ಕಡಿ ನೋಡಿದೆ. ಯಾವದು ಖರೇ ತಿಳೀವಲ್ದು. ಎಲಬಿನಾಗ ತೂಕ ಕೂತೈತೇನೋ ಅಂದಕೊಂಡೆ!

ನಾಕನೇ ಸೋಮವಾರ. ಗುಲಾಬಸಾಬ ಕೂಸಿನ್ನ ಕೋಟು ಹಿಡದು ಎತ್ತಿದ. ಹೊಲಿಗಿ ಪರ್ರಂತ ಹರೀತು. ಅಸ್ತರದಾಗಿಂದ ಪುಠಾಣಿ, ಶೇಂಗಾ ಸುರ್ರಂತ ಸುರದ್ವು. ಒಂದ ಶೇರ!

"ಅಕ್ಕಾರ! ಇಷ್ಟ ದಿನಾ ನಾ ತೂಗಿದ್ದು ಕೂಸಲ್ರಿ, ಚೀಲರಿ!"

ಅಂಗಡಿ ತುಂಬ ನಗಿ. ನನಗ ನೆಲ ಬಾಯಿ ಬಿಡಬಾರದೇನು ಅನಿಸ್ತು.

"ಯಾಕೋ ಮುಚ್ಚಿಟ್ಟಿ?"

"ಅಪ್ಪಂದು," ಅಂದ.

ಸಂಜಿಗೆ ಅವರು ಬಂದ್ರ ಆ ಕೋಟಿನ ಕಿಸೇದಾಗ ಪುಠಾಣಿ ಇರ್ತಿದ್ವು. ಇಂವ ಕೈ ಹಾಕಿ ತಕ್ಕೊಂಡು ತಿಂತಿದ್ದ. ಈಗ ಕಿಸೆ ಖಾಲಿ ಅಂತ ತುಂಬಾಕತ್ತಿದ್ದ. ಕಿಸೇದ ತಳ ಹರದದ್ದು ನಾ ನೋಡಿರಲಿಲ್ಲ. ಎಷ್ಟ ಹಾಕಿದ್ರೂ ತುಂಬವಲ್ದು.

ಮನಿಗೆ ಬಂದು ತಳ ಹೊಲದೆ. ಒಂದ ಹಿಡಿ ಪುಠಾಣಿ ನಾನ ಹಾಕಿದೆ. ಕೈ ಹಾಕಿದ. ತಕ್ಕೊಂಡ. ತಿಂದ.

ತಿಂಗಳು ಬಿಟ್ಟು ತೂಗಿಸಿದೆ. ಒಂದ ಶೇರ ಕಾಳು ಹೊತ್ತಿದ್ದಾಗಿನಕಿಂತ ಅರ್ಧಶೇರ ಕಡಿಮಿ! ಅತ್ತಿ ತೋಳು ಹಿಚುಕಿ ನೋಡಿ, "ಈಗ ನೋಡವಾ, ಮಾಂಸ ಹತ್ತೇತಿ," ಅಂದ್ರು.

ಈಗ ನಮ್ಮನ್ಯಾಗ ಕಣ್ಣಿಲ್ಲದವರು ತೂಗ್ತಾರ. ಕಣ್ಣಿದ್ದಾಕಿ ಬಾಯಿ ಮುಚ್ಚಿಕೊಂಡು ಕಿಸೆ ಹೊಲೀತೇನಿ.