ಗುಂಡಿನ ಅಚ್ಚಿನಲ್ಲಿ ಸಕ್ಕರೆ ಗೊಂಬೆ

ಕಳೆದ ನವೆಂಬರಿನಲ್ಲಿ, ಗೌರಿ ಹುಣ್ಣಿಮೆಯ ದಿನ, ಯೂನಿಯನ್‌ವಿಲ್‌ನ ತನ್ನ ಅಡುಗೆಮನೆಯಲ್ಲಿ ನಮ್ಮ ಚಿಗವ್ವ ಬಂದೂಕಿನ ಗುಂಡು ಎರಕ ಹೊಯ್ಯುವ ಕಬ್ಬಿಣದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದಳು. ಅಚ್ಚು ಹೊಸದು, ಸೀಸ ಸೋಕಿರಲಿಲ್ಲ. ಹೊರಬಂದ ಬಿಳಿ ಗುಂಡುಗಳನ್ನು ಆರತಿ ತಟ್ಟೆಯಲ್ಲಿ ಸಕ್ಕರೆಯ ಆನೆ, ನವಿಲು, ಬಸವಣ್ಣರ ನಡುವೆ ಸಾಲಾಗಿ ನಿಲ್ಲಿಸಿದಳು.

ಅವಳಿಗೆ ತಲೆ ಕೆಟ್ಟಿದೆ ಎಂದು ನಿಮಗೆ ಅನ್ನಿಸಿದರೆ ನಿಮ್ಮದು ತಪ್ಪಲ್ಲ. ನಮ್ಮ ಬಳಗ ಆ ತೀರ್ಮಾನಕ್ಕೆ ಬಂದು ಆಗಲೇ ತಿಂಗಳುಗಳಾಗಿದ್ದವು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದವಳು. ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ. ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೊದಲು ಮನೆಯವರನ್ನು, ಆಮೇಲೆ ಬೇಕರಿಯವನನ್ನು ಫೋನಿನಲ್ಲಿ ಕೇಳಿ, ಕೊನೆಗೆ ಯಾರನ್ನೂ ನಂಬದೆ ಬಾಳೆಹಣ್ಣು ತಿನ್ನುವವಳು. ಇಂಥವಳ ಹೆಸರಿನಲ್ಲಿ ಈಗ ಕರಡಿಯನ್ನು ಕೆಡವಬಲ್ಲ ದಪ್ಪ ನಳಿಗೆಯ, ಕೆಳಗಿನ ಸನ್ನೆ ಎಳೆದು ಗುಂಡು ಏರಿಸುವ ಲಿವರ್ ರೈಫಲ್ ಇದೆ. ಇವಳಿಗೂ ಕರಡಿಗೂ ಏನು ಜಗಳ?

ರೈಫಲ್ ಮೂಲತಃ ಅವಳ ಗಂಡನದು, ನಮ್ಮ ಕಾಕಾನದು. ಅವರು ಹುಬ್ಬಳ್ಳಿಯಲ್ಲಿ ಲೇತ್ ಮಷೀನಿನ ಕೆಲಸ ಕಲಿತು, ಆಮೇಲೆ ಈ ಪರದೇಶಕ್ಕೆ ಬಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದವರು. ಜೊತೆಗಾರರು ಒಮ್ಮೆ ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದರು, ಹುಚ್ಚು ಹತ್ತಿತು. ಜೀವನದಲ್ಲಿ ಅವರು ಕೊಂದದ್ದು ಕಾಗದವನ್ನು ಮಾತ್ರ. ಆದರೆ ಆ ಕಾಗದಕ್ಕೆ ಬೇಕಾದ ಗುಂಡುಗಳನ್ನು ತಾವೇ ಎರಕ ಹೊಯ್ಯುತ್ತಿದ್ದರು. ಯಾರು ಊಟಕ್ಕೆ ಬಂದರೂ ಎಲೆಗೆ ಹೋಳಿಗೆ ಬೀಳುವ ಮೊದಲು ಅಚ್ಚಿನ ಮಾತು ಬೀಳುತ್ತಿತ್ತು. ಯಾವ ಅಚ್ಚು ಒಳ್ಳೆಯದು, ಗುಂಡಿನ ಮೂಗು ಹೇಗಿರಬೇಕು, ಬಂದೂಕು ಎಷ್ಟು ಒದೆಯುತ್ತದೆ. ಅತಿಥಿಗಳು ಸಾರು ಆರಿಸಿಕೊಳ್ಳುವ ನೆಪದಲ್ಲಿ ಗಡಿಯಾರ ನೋಡುತ್ತಿದ್ದರು. ಚಿಗವ್ವ ಒಳಗಿನಿಂದಲೇ ಕೂಗುತ್ತಿದ್ದಳು: "ಅದು ಬಂದೂಕಲ್ಲ, ನನ್ನ ಸವತಿ. ಮಂದಿಗೆ ಪರಿಚಯ ಮಾಡಿಸಿದ್ದು ಸಾಕು, ಉಣ್ಣಾಕ ಬಿಡ್ರಿ."

ಹಾಗೆ ಮಾತಾಡುತ್ತಿದ್ದ ಮನುಷ್ಯನಿಗೆ ಒಂದು ಚಳಿಗಾಲದಲ್ಲಿ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಇಂಗ್ಲಿಷ್ ಪೂರ್ತಿ ಹೋಯಿತು. ಕನ್ನಡ ಚೂರುಚೂರಾಗಿ ಉಳಿಯಿತು. ಮಾತು ಕಲಿಸಲು ಬಂದ ಹುಡುಗಿ ಸೇಬು, ಚೆಂಡು, ಬಸ್ಸಿನ ಚಿತ್ರಗಳನ್ನು ತೋರಿಸಿದಳು. ಕಾಕಾ ಸೇಬನ್ನು ನೋಡಿದರು, ಹುಡುಗಿಯನ್ನು ನೋಡಿದರು, ಗೋಡೆಯ ಕಡೆ ತಿರುಗಿದರು. ಹೋಗುವಾಗ ಅವಳು ಚಿಗವ್ವನಿಗೆ ಒಂದೇ ಮಾತು ಹೇಳಿದಳು: ದಿನಾ ಮಾತಾಡಿಸಿ, ಸುಮ್ಮನೆ ಮಲಗಲು ಬಿಟ್ಟರೆ ಉಳಿದಿರುವುದೂ ಹೋಗುತ್ತದೆ. ಚಿಗವ್ವ ಹಾಡು ಹಾಕಿದಳು, ಪೇಪರ್ ಓದಿದಳು, ನಮ್ಮನ್ನೆಲ್ಲ ಕರೆದು ಹಾಸಿಗೆಯ ಸುತ್ತ ಕೂರಿಸಿದಳು. ಗೋಡೆಯೇ ಗೆದ್ದಿತು.

ಕಾಕಾನ ಬಂದೂಕಿನ ಲೈಸೆನ್ಸಿನ ಅವಧಿ ಮುಗಿಯುತ್ತ ಬಂತು. ಬ್ರಾಂಪ್ಟನ್‌ನಲ್ಲಿರುವ ಮಗ ಫೋನಿನಲ್ಲಿ "ಅಮ್ಮಾ, ಜಸ್ಟ್ ಸೆಲ್ ಇಟ್" ಅಂದ.

"ಯಾಕ್ ಮಾರ್ಲಿ? ನಾ ಹೊಡೀತೀನಿ."

"ವಾಟ್?"

"ಬಂದೂಕೋ. ನಿಮ್ಮಪ್ಪನ್ನ ಹೊಡ್ಯಾಕ ಆಗ್ತೈತೇನು?"

ಅವಳು ನಿಜವಾಗಿಯೂ ಸುರಕ್ಷತಾ ತರಗತಿಗೆ ಹೋದಳು. ಕಾಲೇಜು ಹುಡುಗರ ನಡುವೆ, ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಕೂತಳು, ಪಾಸಾದಳು. ಹೆಂಡತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಗಂಡನ ಆತಂಕವೇನಾದರೂ ಇದೆಯೇ ಎಂದು ಕೇಳಲು ಅಧಿಕಾರಿಯೊಬ್ಬರು ಮನೆಗೆ ಫೋನ್ ಮಾಡಿದರು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಂದು ಕಾಕಾನ ಕಿವಿಯಲ್ಲಿ ಹೇಳಿದೆ. ನಿಮ್ಮ ಹೆಂಡತಿಯಿಂದ ನಿಮಗೆ ಅಪಾಯ ಇದೆಯೇ?

ಕಾಕಾ ಚಿಗವ್ವನ ಕಡೆ ನೋಡಿ, "ಮೊದ್ಲಿಂದ" ಅಂದರು.

ಚಿಗವ್ವ ಫೋನ್ ಕಸಿದುಕೊಂಡು "ಹಿ ಈಸ್ ಜೋಕಿಂಗ್, ಮೇಡಮ್" ಅಂದಳು. ಲೈಸೆನ್ಸು ಬಂತು. ಆ ವಾರದಲ್ಲಿ ಕಾಕಾ ಆಡಿದ ಮಾತು ಅದೊಂದೇ.

ನಮ್ಮ ಯಾತನೆ ಶುರುವಾದದ್ದು ಆಮೇಲೆ. ಇಂಥ ರೈಫಲ್ ಗುಂಡು ಹಾರಿಸಿದೊಡನೆ ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಭುಜಕ್ಕೆ ಒತ್ತುವ ಕಡೆ ಒಂದು ರಬ್ಬರ್ ಪ್ಯಾಡ್ ಹಾಕುತ್ತಾರೆ. ಕಾಕಾನ ಹಳೆಯ ಪ್ಯಾಡು ಸವೆದಿತ್ತು. ಹೊಸದನ್ನು ಕೊಳ್ಳಬೇಕು. ಎಷ್ಟು ಹೊತ್ತಿನ ಕೆಲಸ ಇದು? ಜೆರಾರ್ಡ್ ಬಜಾರಿನ ಸೀರೆ ಅಂಗಡಿಯವರನ್ನು ಕೇಳಿ. ಚಿಗವ್ವ ಬಾಗಿಲಲ್ಲಿ ಕಂಡರೆ ಅವರು ಟೀ ಕುಡಿಯಲು ಹೋಗುತ್ತಾರೆ.

ಬಂದೂಕಿನ ಅಂಗಡಿಯ ಮುದುಕನಿಗೆ ಆ ಅನುಭವ ಇರಲಿಲ್ಲ. ಶನಿವಾರ ಶನಿವಾರ ರಿಚ್ಮಂಡ್ ಹಿಲ್‌ನಿಂದ ಬಂದು ಅವಳನ್ನು ಕರೆದೊಯ್ಯುವ ಕೆಲಸ ನನ್ನದು. ಮುದುಕ ಒಂದೊಂದೇ ಪ್ಯಾಡನ್ನು ಗಾಜಿನ ಮೇಲೆ ಇಡುತ್ತಿದ್ದ. ಅವಳು ಬದನೆಕಾಯಿ ಆರಿಸುವವಳಂತೆ ಹೆಬ್ಬೆರಳಿನಿಂದ ಒತ್ತುತ್ತಿದ್ದಳು.

"ಇದು ಇಡ್ಲಿ ಆಗೇತಿ. ಇದು ನಿನ್ನಿ ರೊಟ್ಟಿ. ತಮ್ಮಾ, ಇದಕ್ಕಿಂತ ಸ್ವಲ್ಪ ಗಟ್ಟಿ, ಅದಕ್ಕಿಂತ ಸ್ವಲ್ಪ ಮೆತ್ತಗ ಐತೇನು ಕೇಳು."

ನಾನು ಕೇಳುತ್ತಿದ್ದೆ. ಮುದುಕ ಏಣಿ ಹತ್ತುತ್ತಿದ್ದ. ಕೊನೆಗೆ ಯಾವುದೋ ಒಂದನ್ನು, ಸರಿಬರದಿದ್ದರೆ ವಾಪಸು ಕೊಡುವ ಮಾತಿನ ಮೇಲೆ ಮನೆಗೆ ತರುತ್ತಿದ್ದಳು. ರೈಫಲ್ ಕಬ್ಬಿಣದ ಕಪಾಟಿನಲ್ಲೇ ಬೀಗ ಹಾಕಿಕೊಂಡು ಮಲಗಿರುತ್ತಿತ್ತು. ಪ್ಯಾಡು ಮಾತ್ರ ಕಾಕಾನ ಹಾಸಿಗೆಯ ಮೇಲೆ ಬರುತ್ತಿತ್ತು.

"ರೀ, ಇದು ತಗೊಂಡೀನಿ. ಬಣ್ಣ ಚಲೋ ಐತಿ ಅಲ್ಲ?"

ಕಾಕಾ ಎಡಗೈಯ ಹೆಬ್ಬೆರಳಿನಿಂದ ಒತ್ತುತ್ತಿದ್ದರು. "ಕಲ್ಲು."

"ಕಲ್ಲಲ್ರಿ. ಮೆತ್ತಗೈತಿ."

"ಕಲ್ಲು. ಭುಜ... ನಿಂದು... ಹೋಕ್ಕೈತಿ."

"ಹೋಗ್ಲಿ ಬಿಡ್ರಿ. ಬಣ್ಣ ನೋಡ್ರಿ."

"ಬಣ್ಣ... ಏನ್... ನೆಕ್ತಿ?"

ಮುಂದಿನ ಶನಿವಾರ ಅದನ್ನು ವಾಪಸು ಕೊಟ್ಟು ಇನ್ನೊಂದನ್ನು ತರುವುದು. ಗುಂಡಿಗೆ ಹೊಸ ಅಚ್ಚೂ ಬೇಕೆಂದಳು, ಅದರಲ್ಲೂ ಅದೇ ಕತೆ. ಈ ಬಗೆಯ ರೈಫಲ್ಲಿನಲ್ಲಿ ಗುಂಡುಗಳು ಕೊಳವೆಯೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂಗು ಚೂಪಾಗಿದ್ದರೆ ಮುಂದಿನದಕ್ಕೆ ಚುಚ್ಚಿ ಕೊಳವೆಯಲ್ಲೇ ಸಿಡಿಯಬಹುದು. ಆದ್ದರಿಂದ ಮೂಗು ಚಪ್ಪಟೆ ಇರಬೇಕು. ಇದನ್ನು ಕಾಕಾ ಆ ಕಾಲದಲ್ಲಿ ಎಷ್ಟು ಸಲ ಹೇಳಿದ್ದರೆಂದರೆ ಬಂದೂಕು ಮುಟ್ಟದ ನನಗೂ ಬಾಯಿಪಾಠ. ಚಿಗವ್ವ ಚೂಪು ಮೂಗಿನ ಅಚ್ಚನ್ನೇ ಹಿಡಿದು ಬಂದು "ಇದು ನೋಡಾಕ ನೀಟ್ ಐತಿ" ಅಂದಳು. ಕಾಕಾ ದಿಂಬಿನಿಂದ ತಲೆ ಎತ್ತಿ, "ಚೂಪು ಬ್ಯಾಡ... ಮುಂದಿಂದು... ಹಾರ್ತೈತಿ" ಎಂದು ಎಡಗೈ ಬೀಸಿ ಬೀಸಿ ಬೆವರಿದರು. ಪಕ್ಕದಲ್ಲಿ ಕೂತ ನನಗೆ ಅಳು ಬರುವುದೊಂದು ಬಾಕಿ. ಮಾತು ಹೋದ ಮನುಷ್ಯನನ್ನು ಹೀಗೆ ಗೋಳಾಡಿಸುವ ಹೆಂಡತಿಯನ್ನು ಎಲ್ಲಿಯಾದರೂ ಕಂಡಿದ್ದೀರಾ? ಮಗನಂತೂ ಫೋನಿನಲ್ಲಿ "ಜಸ್ಟ್ ಪಿಕ್ ವನ್, ಅಮ್ಮಾ, ಪ್ಲೀಸ್" ಎಂದು ಬೇಡಿಕೊಂಡ. "ಲಗ್ನಕ್ಕ ಹುಡುಗಿ ನೋಡೂ ಮುಂದ ನೀ ಎಷ್ಟು ವರ್ಷ ತಗೊಂಡಿ?" ಅಂದಳು. ಅವನು ಫೋನ್ ಇಟ್ಟ.

ಗೌರಿ ಹುಣ್ಣಿಮೆ ಬಂದದ್ದು ಈ ಹಂತದಲ್ಲಿ. ಅಂದು ಅವಳು ಒಲೆಯ ಮೇಲೆ ಪಾಕ ಇಟ್ಟು, ಊರಿನಿಂದ ತಂದ ಕಟ್ಟಿಗೆಯ ಅಚ್ಚುಗಳನ್ನು ದಾರದಿಂದ ಕಟ್ಟಿ ಗೊಂಬೆ ಮಾಡಿದಳು. ಪಾಕ ಸ್ವಲ್ಪ ಉಳಿಯಿತು. ಉಳಿದದ್ದನ್ನು ಎಲ್ಲಿಗೆ ಹೊಯ್ದಳೆಂಬುದು ಮೊದಲೇ ವರದಿಯಾಗಿದೆ. ತಟ್ಟೆಯನ್ನೂ ಪಾಕ ಮೆತ್ತಿದ ಕಬ್ಬಿಣದ ಅಚ್ಚನ್ನೂ ಒಟ್ಟಿಗೆ ಕಾಕಾನ ಮುಂದೆ ಹಿಡಿದಳು.

"ಅಚ್ಚು ಅಚ್ಚೇ ಅಲ್ಲೇನ್ರಿ? ನೋಡ್ರಿ, ಎಷ್ಟ್ ಚಂದ ಬಂದಾವು."

ಕಾಕಾನ ಮುಖ ಕೆಂಪಾಯಿತು. "ಜಂಗ್ ಹಿಡೀತೈತಿ ಹುಚ್ಚಿ, ಬಿಸಿನೀರಾಗ ತೊಳಿ, ಒರಸು, ಎಣ್ಣಿ ಹಚ್ಚು!"

ಎಲ್ಲಿಯೂ ತಡೆಯಲಿಲ್ಲ, ಒಂದು ಪದವೂ ಜಾರಲಿಲ್ಲ. ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಚಿಗವ್ವ ಮಾತ್ರ ಏನೂ ಆಗದವಳಂತೆ ಕೇಳಿದಳು:

"ಯಾವ ಎಣ್ಣಿರಿ? ಕುಸುಬಿ ಎಣ್ಣಿ ನಡೀತೈತೇನು?"

"ಮಷೀನಿನ... ಎಣ್ಣಿ" ಅಂದರು ಕಾಕಾ, ದಣಿದು.

ಜನವರಿಯಲ್ಲಿ ನನ್ನ ತಾಳ್ಮೆ ಮುಗಿಯಿತು. ಹಿಮ ಬೀಳುತ್ತಿದ್ದ ಒಂದು ಶನಿವಾರ ಚಿಗವ್ವನಿಗೆ ಹೇಳದೆ ಒಬ್ಬನೇ ಆ ಅಂಗಡಿಗೆ ಹೋದೆ. ಒಳ್ಳೆಯದೊಂದು ಪ್ಯಾಡು, ಚಪ್ಪಟೆ ಮೂಗಿನ ಒಂದು ಅಚ್ಚು ಕೊಡಿ, ಈ ಪ್ರಕರಣ ಮುಗಿಯಲಿ ಅಂದೆ.

ಮುದುಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಅವೆರಡನ್ನೂ ಅವಳು ಮೊದಲನೆಯ ತಿಂಗಳೇ ಕೊಂಡಾಗಿದೆಯಲ್ಲ ಅಂದ. ಅಂದು ನಿನಗೇನೋ ಕೆಲಸವಿತ್ತಂತೆ, ಬಸ್ಸಿನಲ್ಲಿ ಬಂದಿದ್ದಳು. ಬಹಳ ಒಳ್ಳೆಯ ಆಯ್ಕೆ, ನೋಡಿದ ಕೂಡಲೇ ಆರಿಸಿದಳು.

ಹಾಗಾದರೆ ಪ್ರತಿ ಶನಿವಾರ ಒಯ್ಯುವುದು?

ಅವು ತಪ್ಪಾದವು, ಅಂದ. ನೀನು ಕಾರು ತರಲು ಹೊರಗೆ ಹೋದಾಗ, ಗಂಡನಿಗೆ ಸಿಟ್ಟು ಬರುವಂಥದ್ದು ಕೊಡು ಅಂತ ಕೇಳುತ್ತಾಳೆ. ನನಗೂ ಈಗ ರೂಢಿಯಾಗಿದೆ. ಈ ವಾರಕ್ಕೆ ಇದನ್ನು ತೆಗೆದಿಟ್ಟಿದ್ದೇನೆ. ಹೀಗೆಂದು ಗಾಜಿನ ಕೆಳಗಿನಿಂದ ಹಲಗೆಯಂತೆ ಗಟ್ಟಿಯಾದ, ಕಿತ್ತಳೆ ಬಣ್ಣದ ಒಂದು ಪ್ಯಾಡನ್ನು ತೆಗೆದು ಕೊಟ್ಟ.

ಒಂದೇ ಮೂಲವನ್ನು ನಂಬಿ ಸುದ್ದಿ ಬರೆಯಬಾರದು ಎಂಬುದು ಪತ್ರಿಕೆಯ ಡೆಸ್ಕಿನಲ್ಲಿ ನಾನು ಕಲಿತ ಪಾಠ. ಯೂನಿಯನ್‌ವಿಲ್‌ಗೆ ಹೋಗಿ ಚಿಗವ್ವನನ್ನೇ ಕೇಳಿದೆ.

"ಅಂವ ಮುದುಕ. ಅಂವಗೇನ್ ನೆನಪಿರ್ತೈತಿ?" ಅಂದಳು. ಕಿತ್ತಳೆ ಪ್ಯಾಡನ್ನು ನನ್ನ ಕೈಯಿಂದ ತೆಗೆದುಕೊಂಡು ಒತ್ತಿ ನೋಡಿದಳು. "ಚಲೋ ಐತಿ. ಇದಕ್ಕ ಭಾಳ ಬೈತಾರ."

ಕಾಕಾ ಅದಕ್ಕೆ ಫೆಬ್ರವರಿಯವರೆಗೂ ಬೈದರು.

ಮಾರ್ಚಿನಲ್ಲಿ ಅವರಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಮರಳಿ ಬಂದಿದ್ದ ಮಾತುಗಳೆಲ್ಲ ಹೋದವು, ಬೈಗುಳ ಕೂಡ. ಈಗ ಆಸ್ಪತ್ರೆಯಲ್ಲಿದ್ದಾರೆ. ಇನ್ನು ಮಾತು ಬರುತ್ತದೆಂದು ಹೇಳಲಾರೆವು ಎಂದು ಡಾಕ್ಟರು ಹೇಳಿದ್ದಾರೆ. ಚಿಗವ್ವನ ಕೈಚೀಲದಲ್ಲಿ ದಿನಾ ಮೊಸರನ್ನದ ಡಬ್ಬಿಯ ಜೊತೆ ಎರಡು ಪ್ಯಾಡುಗಳಿರುತ್ತವೆ. ಮಂಚದ ಪಕ್ಕ ನಿಂತು, ಎರಡು ಕೈಯಲ್ಲಿ ಎರಡನ್ನೂ ಅವರ ಮುಖದ ಮುಂದೆ ಹಿಡಿಯುತ್ತಾಳೆ.

"ಇದೋ, ಇದೋ? ಲಗೂನ ಹೇಳ್ರಿ. ಅಂಗಡಿ ಮುಚ್ತಾನ."

ಇಷ್ಟು ದಿನ ಅವರು ಚಾವಣಿ ನೋಡುತ್ತಿದ್ದರು. ನಿನ್ನೆ ಸಂಜೆ ಎಡಗೈ ಎತ್ತಿ, ಒಂದನ್ನು ದೂರ ತಳ್ಳಿದರು.