ಅಲ್ಲಾಡಿಸಿ ತಂದ ರೋಬೋಟು

ಕೈಕೆಲಸ ಬಾರದ ಗಂಡಸಿಗೆ ನಮ್ಮ ಕಡೆ ವರ್ಷದಲ್ಲಿ ಒಂದು ದಿನ ಮಾತ್ರ ನಿಜವಾದ ಕಷ್ಟ. ಅದು ಆಯುಧಪೂಜೆಯ ದಿನ. ಉಳಿದ ದಿನಗಳನ್ನು ಹೇಗೋ ದಾಟಿಸಿಬಿಡಬಹುದು. ನಲ್ಲಿ ಸೋರಿದರೆ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳಬಹುದು, ಮೋಟಾರು ಕೆಟ್ಟರೆ ವೋಲ್ಟೇಜನ್ನು ಬೈಯಬಹುದು. ಆದರೆ ಆಯುಧಪೂಜೆಯಂದು ಪಾಳ್ಯದ ನಮ್ಮ ಮನೆಯ ಜಗಲಿಯ ಮೇಲೆ ಪ್ರತಿಯೊಬ್ಬರ ಸಾಮಾನೂ ಸಾಲಾಗಿ ಬಂದು ಕೂರುತ್ತದೆ. ನಮ್ಮದೊಂದು ತುಂಡು ಕಾಫಿ ತೋಟವನ್ನು ನೋಡಿಕೊಂಡು ನಮ್ಮಲ್ಲೇ ಇರುವ ಬಾಮೈದ ಮಂಜಣ್ಣನ ಸ್ಪ್ರೇ ಪಂಪು, ಗರಗಸ, ಸ್ಪ್ಯಾನರುಗಳು. ಹೆಂಡತಿ ಸರೋಜಳ ಹೊಲಿಗೆ ಮಿಷನ್ನು. ಅವ್ವನ ಮೊರ ಮತ್ತು ಈಳಿಗೆಮಣೆ. ಇವುಗಳ ಕೊನೆಯಲ್ಲಿ, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ನನ್ನದೊಂದು ಪೆನ್ನು. ಅದಕ್ಕೂ ಅರಿಶಿನ ಕುಂಕುಮ ಬೀಳುತ್ತದೆ, ಮಾರನೆಯ ದಿನದಿಂದ ಅದು ಬರೆಯುವುದಿಲ್ಲ. "ಅಕ್ಕಾ, ಭಾವನ ಆಯುಧ ಹುಷಾರು ಕಣಕ್ಕ, ಗಾಳಿಗೆ ಹಾರೋಗ್ಬುಟ್ಟಾತು" ಎಂದು ಮಂಜಣ್ಣ ಪ್ರತಿ ವರ್ಷ ಹೇಳುತ್ತಾನೆ. ಪ್ರತಿ ವರ್ಷ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಳಗೆ ಉರಿಯುತ್ತದೆ. ನನ್ನ ಕೈಯಾರೆ ಮಾಡಿದ್ದೊಂದನ್ನು ಆ ಸಾಲಿನಲ್ಲಿ ಇಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ದಾರಿ ತೋರಿಸಿದವರು ಹಾಸನದ ಹಲ್ಲಿನ ಡಾಕ್ಟರು. ಮೊಬೈಲುಗಳು ನಮ್ಮೂರಲ್ಲಿ ಗುಡ್ಡ ಹತ್ತಿದರೆ ಮಾತ್ರ ಮಾತಾಡುತ್ತಿದ್ದ ಕಾಲ ಅದು. ದವಡೆ ಹಿಡಿದುಕೊಂಡು ಹೋದವನ ಕಣ್ಣಿಗೆ ಅವರ ಗಾಜಿನ ಬೀರುವಿನೊಳಗೆ ಗೇಣುದ್ದದ ಪ್ಲಾಸ್ಟಿಕ್ ರೋಬೋಟು ಬಿತ್ತು. ಎದೆ ಸೆಟೆಸಿ, ಕೈಯಲ್ಲಿ ಕತ್ತಿ ಹಿಡಿದು ನಿಂತಿತ್ತು. "ನಾನೇ ಜೋಡಿಸಿದ್ದು. ಅಂಟು ಬೇಡ, ಬಣ್ಣ ಬೇಡ. ಯಾರು ಬೇಕಾದರೂ ಮಾಡಬಹುದು" ಎಂದರು ಡಾಕ್ಟರು. ನನ್ನ ಬಾಯಿ ತುಂಬ ಹತ್ತಿ ಇತ್ತು. ಆದರೆ 'ಯಾರು ಬೇಕಾದರೂ' ಎನ್ನುವ ಗುಂಪಿಗೆ ನಾನು ಖಂಡಿತ ಸೇರುತ್ತೇನೆಂದು ಕುರ್ಚಿಯಲ್ಲಿ ಮಲಗಿದ್ದಾಗಲೇ ತೀರ್ಮಾನಿಸಿದೆ.

ಅಲ್ಲಿಂದ ನೇರ ಅವರು ಹೇಳಿದ ಅಂಗಡಿಗೆ ಹೋದೆ. ಅಂಗಡಿಯವನು ಪೆಟ್ಟಿಗೆಗಳನ್ನು ಮುಂದಿಟ್ಟು, "ಫಸ್ಟ್ ಟೈಮಾ ಸರ್? ಹಂಗಾದ್ರೆ ಈ ಚಿಕ್ಕದು ತಗೊಳ್ಳಿ. ಬಿಡಿಭಾಗ ಕಮ್ಮಿ, ಬೇಗ ಆಗುತ್ತೆ" ಎಂದ. ನನಗೆ ಅವಮಾನವಾಯಿತು. ತಲೆ ನರೆತ ಮೇಷ್ಟರನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದಂತೆ. "ಇದು ಏನು ಮಾಡುತ್ತೆ?" ಎಂದೆ ಗತ್ತಿನಿಂದ. "ನಿಲ್ಲುತ್ತೆ ಸರ್." "ನಡೆಯಲ್ವಾ?" "ಇಲ್ಲ ಸರ್, ನಿಲ್ಲುತ್ತೆ." ಸರಿ, ನಿಲ್ಲುವುದೇ ಆದರೆ ದೊಡ್ಡದಾಗಿಯೇ ನಿಲ್ಲಲಿ ಅನ್ನಿಸಿತು. ಎತ್ತು ಕೊಳ್ಳುವಾಗ ಹಲ್ಲು ನೋಡಬೇಕು, ಕಾಫಿ ಸಸಿಯಾದರೆ ಬೇರು ನೋಡಬೇಕು ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ರೋಬೋಟಿಗೆ ಏನು ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ಒಂದೇ ಪರೀಕ್ಷೆ ಮಾಡಿದೆ. ತೆಂಗಿನಕಾಯಿಯಂತೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಚಿಕ್ಕದರಲ್ಲಿ ಸದ್ದೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಗಲಗಲ ಅಂತು. ಅದನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಗಲಗಲ ಅನ್ನುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಪೆಟ್ಟಿಗೆ ತೆರೆದರೆ ರೋಬೋಟು ಇರಲಿಲ್ಲ. ಪ್ಲಾಸ್ಟಿಕ್ಕಿನ ಕಡ್ಡಿಗಳ ಚೌಕಟ್ಟುಗಳಿದ್ದವು. ಅವಕ್ಕೆ ಚಿಕ್ಕ ದೊಡ್ಡ ತುಂಡುಗಳು ಕಾಯಿ ಕಚ್ಚಿದಂತೆ ಅಂಟಿಕೊಂಡಿದ್ದವು. ಪ್ರತಿ ತುಂಡಿನ ಪಕ್ಕದಲ್ಲಿ, ಕಡ್ಡಿಯ ಮೇಲೆ, ಒಂದು ನಂಬರು. ಜೊತೆಗಿದ್ದ ಪುಸ್ತಕ ಜಪಾನಿ ಭಾಷೆಯಲ್ಲಿದ್ದರೂ ಚಿತ್ರದಲ್ಲಿ ಅವೇ ನಂಬರುಗಳಿದ್ದವು. ನಂಬರು ನೋಡು, ತುಂಡು ಕತ್ತರಿಸು, ಸಿಕ್ಕಿಸು. ಇಷ್ಟೇ ವಿದ್ಯೆ. ಹಬ್ಬಕ್ಕೆ ಇನ್ನೂ ಸಮಯವಿತ್ತು. ಸಂಜೆ ಬಂದು ಶುರು ಮಾಡೋಣವೆಂದು ಎಲ್ಲವನ್ನೂ ಜಗಲಿಯ ಮೇಲೆ ಹರಡಿ, ಮಂಜಣ್ಣನಿಗೆ ಕಾಣುವಂತೆಯೇ ಹರಡಿ, ಸ್ಕೂಲಿಗೆ ಹೋದೆ.

ಇಲ್ಲಿ ನಮ್ಮ ಅವ್ವನ ಸ್ವಭಾವ ಹೇಳಬೇಕು. ಅವಳು ಆರಿಸುವವಳು. ಅಕ್ಕಿ, ಅವರೆ, ಕಾಫಿ, ಯಾವುದೇ ಆಗಲಿ, ಅವಳೆದುರು ಒಂದು ರಾಶಿ ಬಿದ್ದರೆ ಅದು ರಾಶಿಯಾಗಿ ಉಳಿಯುವುದಿಲ್ಲ. ನೆಂಟರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಬೇಳೆ ಆರಿಸಿಕೊಟ್ಟು ಬರುತ್ತಾಳೆ. ಸಂಜೆ ನಾನು ಬಂದಾಗ ಜಗಲಿಯಲ್ಲಿ ಮೂರು ಮೊರಗಳಿದ್ದವು. ಒಂದರಲ್ಲಿ ದಪ್ಪ ತುಂಡು, ಒಂದರಲ್ಲಿ ಸಣ್ಣವು, ಇನ್ನೊಂದರಲ್ಲಿ ಚೂಪಾದವು.

"ಎಲ್ಲಾ ಕಡ್ಡೀಲೇ ಅಂಟ್ಕಂಡಿದ್ವು ಕಣೋ. ಬುಡಿಸಿ ಆರ್ಸಿ ಇಟ್ಟಿವ್ನಿ" ಎಂದಳು ಅವ್ವ. ಮುಖದಲ್ಲಿ ಕೆಲಸ ಮುಗಿಸಿದ ತೃಪ್ತಿ.

"ಕಡ್ಡಿ ಎಲ್ಲವ್ವಾ?"

"ಸೇವಂತಿಗೆ ಕುಂಡಕ್ಕೆ ಊರಿವ್ನಿ. ವಸಿ ಗಟ್ಟಿ ಅವೆ."

ಅಂಗಳದಲ್ಲಿ ಸೇವಂತಿಗೆ ಗಿಡಗಳು ಜಪಾನಿನ ನಂಬರು ಹೊತ್ತು ನೆಟ್ಟಗೆ ನಿಂತಿದ್ದವು. ಯಾವ ನಂಬರು ಯಾವ ತುಂಡಿನದೆಂದು ಇನ್ನು ದೇವರೇ ಹೇಳಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಬಂತು. ಅವ್ವನನ್ನು ಬೈಯಲು ಬಾಯಿ ಬರಲಿಲ್ಲ. ಅವಳು ನಿಜಕ್ಕೂ ಚೆನ್ನಾಗಿ ಆರಿಸಿದ್ದಳು, ಒಂದು ಕಸರೂ ಇರಲಿಲ್ಲ.

ಆಮೇಲಿನ ಸಂಜೆಗಳೆಲ್ಲ ಮೊರಗಳ ಮುಂದೆ ಕಳೆದವು. ಚಿತ್ರ ನೋಡುವುದು, ಅಂದಾಜಿನಲ್ಲಿ ಒಂದು ತುಂಡು ಎತ್ತುವುದು, ಒತ್ತುವುದು. ಅಪರೂಪಕ್ಕೆ ಒಂದು ಟಕ್ಕೆಂದು ಕೂರುತ್ತಿತ್ತು. ಆ ಸದ್ದಿಗೆ ಆಗುತ್ತಿದ್ದ ಸಂತೋಷ ನನಗೆ ಸಂಬಳದ ದಿನವೂ ಆಗಿದ್ದಿಲ್ಲ. "ರೀ, ಊಟಕ್ಕೆ ಬನ್ನಿ, ಅದು ಎಲ್ಲಿಗೂ ಓಡೋಗಲ್ಲ" ಎಂದು ಸರೋಜ ಕರೆಯುತ್ತಿದ್ದಳು. ಓಡುವುದಿರಲಿ, ಅದಕ್ಕೆ ನಿಲ್ಲಲೂ ಆಗುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಅಂತೂ ಕೈಕಾಲು ತಲೆ ಎಲ್ಲವೂ ಒಂದು ಒಡಲಿಗೆ ಸೇರಿದವು. ಒಂದು ಹಿಡಿಯಷ್ಟು ತುಂಡು ಮಾತ್ರ ಉಳಿದುಹೋಯಿತು.

ಪೂಜೆಯ ದಿನ ಅದನ್ನು ಮಂಜಣ್ಣನ ಸ್ಪ್ರೇ ಪಂಪಿಗೆ ಒರಗಿಸಿ ಇಟ್ಟೆ. ಅವ್ವ ಅದರ ಹಣೆ ಎಂದು ತೋರಿದ ಕಡೆ ಕುಂಕುಮ ಹಚ್ಚಿದಳು. ಮಂಜಣ್ಣ ಕುಕ್ಕುರುಗಾಲಲ್ಲಿ ಕೂತು ಅದನ್ನು ಸುತ್ತಲೂ ನೋಡಿದ.

"ಭಾವ, ನೀವೇ ಮಾಡಿದ್ರಾ?"

"ಹೂಂ."

"ಚೆನ್ನಾಗೈತೆ ಕಣ್ರೀ" ಎಂದ. ನಾನು ಹಿಗ್ಗಿಹೋದೆ. ಅಷ್ಟರಲ್ಲಿ ಅವನು ತಲೆ ಕೆರೆದುಕೊಂಡು, "ಮುಖ ಯಾವ ಕಡೀಕೆ?" ಎಂದ. ನಾನು ಕುಂಕುಮ ತೋರಿಸಿದೆ. ಪಾದದ ತುದಿಗಳು ಅದರ ವಿರುದ್ಧ ದಿಕ್ಕಿಗಿದ್ದವು. ಮನೆಯೆಲ್ಲ ನಕ್ಕಿತು. ವಿಚಿತ್ರವೆಂದರೆ ಆ ಸಲ ನನಗೆ ಒಳಗೆ ಉರಿಯಲಿಲ್ಲ. ಪೆನ್ನನ್ನು ನೋಡಿ ನಗುವುದಕ್ಕೂ ಕೈಯಾರೆ ಮಾಡಿದ್ದನ್ನು ನೋಡಿ ನಗುವುದಕ್ಕೂ ವ್ಯತ್ಯಾಸವಿದೆ.

ಮುಂದಿನ ವರ್ಷ ಹಬ್ಬಕ್ಕೆ ಮೊದಲು ಮತ್ತೆ ಹಾಸನಕ್ಕೆ ಹೋದೆ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. "ಆ ದೊಡ್ಡದು ಏನಾಯ್ತು ಸರ್?" ಎಂದ. "ನಿಂತಿದೆ" ಎಂದೆ. ಸ್ಪ್ರೇ ಪಂಪಿನ ವಿಷಯ ಎತ್ತಲಿಲ್ಲ. "ಹಂಗಾದ್ರೆ ಈ ಸಲ ಇನ್ನೂ ದೊಡ್ಡದು ಕೊಡ್ಲಾ?" ಎಂದು ಅವನು ಮೇಲಿನ ಸಾಲಿಗೆ ಕೈ ಹಾಕಿದ. ನಾನು ಗಂಟಲು ಸರಿಮಾಡಿಕೊಂಡು, "ಬೇಡಪ್ಪ, ಮೊದಲನೇ ಸಲದವರಿಗೆ ಕೊಡ್ತೀರಲ್ಲ, ಆ ಚಿಕ್ಕದು ಕೊಡಿ" ಎಂದೆ. "ಯಾರಿಗೆ ಸರ್, ಮಕ್ಕಳಿಗಾ?" ಎಂದು ಕೇಳಿದ. "ನನಗೇ" ಎಂದೆ. ಇಷ್ಟು ವಿವೇಕ ಬಂದಮೇಲೆ ಸುಮ್ಮನೆ ಬರಬೇಕಿತ್ತು. ಆದರೆ ಅವನು ಕೈಗಿಟ್ಟ ಪೆಟ್ಟಿಗೆಯನ್ನು, ಅವನು ನೋಡುತ್ತಿರುವಂತೆಯೇ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದೆ.